ಕುಂಬಾರ ಗುಡ್ಡದ ಪಾಠ: ಕೌಂಟರ್-ಸ್ಟ್ರೈಕ್‌ಗೆ ಬಳ್ಳಾರಿ ಕೋಟೆಯ ಮ್ಯಾಪ್ ಕಟ್ಟುವುದು ಹೇಗೆ

ಬಳ್ಳಾರಿಯಲ್ಲಿ ಬೆಳೆದವರೆಲ್ಲ ಚಿಕ್ಕಂದಿನಲ್ಲೇ ಕೇಳಿದ ಕತೆ ಇದು. ಹೈದರ್ ಅಲಿ 1769ರಲ್ಲಿ ಕೋಟೆಯನ್ನು ವಶಪಡಿಸಿಕೊಂಡ. ಫ್ರೆಂಚ್ ಎಂಜಿನಿಯರ್ ಒಬ್ಬನನ್ನು ಇಟ್ಟುಕೊಂಡು ಅದನ್ನು ಬಲಪಡಿಸಿದ, ಬೆಟ್ಟದ ಬುಡದಲ್ಲಿ ಕೆಳಕೋಟೆ ಕಟ್ಟಿಸಿದ. ಎಲ್ಲ ಮುಗಿದ ಮೇಲೆ ನೋಡಿದರೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವಾಗಿತ್ತು. ಅಲ್ಲಿ ತೋಪು ಏರಿಸಿದವನಿಗೆ ಕೋಟೆಯ ಒಳಗೆಲ್ಲ ಕಾಣುತ್ತದೆ. ಸಿಟ್ಟಿಗೆದ್ದ ಹೈದರ್ ಆ ಎಂಜಿನಿಯರನನ್ನು ಕೋಟೆಯ ಬಾಗಿಲಲ್ಲೇ ಗಲ್ಲಿಗೇರಿಸಿದ ಎನ್ನುತ್ತಾರೆ. ಪೂರ್ವದ ಬಾಗಿಲ ಹತ್ತಿರದ ಗೋರಿ ಅವನದೇ ಎಂದು ಇವತ್ತಿಗೂ ತೋರಿಸುತ್ತಾರೆ.

ಎರಡು ತಂಡಗಳು ಬಂದೂಕು ಹಿಡಿದು ಕಾದಾಡುವ ಹಳೆಯ ಕಂಪ್ಯೂಟರ್ ಆಟ ಕೌಂಟರ್-ಸ್ಟ್ರೈಕ್ 1.6. ಅದಕ್ಕೆ ನಾನು ಕಟ್ಟಿದ ಮೊದಲ ಮ್ಯಾಪಿನಲ್ಲಿ, ಅಂದರೆ ಆಟ ನಡೆಯುವ ಜಾಗದಲ್ಲಿ, ಇದೇ ತಪ್ಪು ನಡೆದಿತ್ತು. ಬಂಡೆ, ಬುರುಜು, ತೆನೆಗೋಡೆ ಎಲ್ಲವನ್ನೂ ತಿಂಗಳುಗಟ್ಟಲೆ ಕೂತು ಮಾಡಿದ್ದೆ. ಆಡಲು ಕೂತಾಗ ಒಂದೇ ಒಂದು ಬಂಡೆಯಿಂದ ಇಡೀ ಮ್ಯಾಪ್ ಕಾಣುತ್ತಿತ್ತು. ಆ ಬಂಡೆಯನ್ನು ಮೊದಲು ಹತ್ತಿದವರ ಕಡೆಗೇ ಗೆಲುವು. ಆ ದಿನದಿಂದ ನಾನು ಕೆಲಸದ ಕ್ರಮವನ್ನೇ ತಿರುಗಿಸಿದ್ದೇನೆ. ಮೊದಲು ದೂರ, ಎತ್ತರ, ಸಮಯ. ಗೋಡೆಗಳ ಅಂದಚೆಂದ ಕೊನೆಗೆ. ಈ ಲೇಖನವೂ ಅದೇ ಕ್ರಮದಲ್ಲಿದೆ.

ಹಳೆಯ ಆಟವನ್ನೇ ಯಾಕೆ ಹಿಡಿದೆ ಎಂದರೆ, ಕೌಂಟರ್-ಸ್ಟ್ರೈಕ್ ಹುಟ್ಟಿದ್ದೇ ಮಾಡ್ ಆಗಿ, ಅಂದರೆ ಇನ್ನೊಂದು ಆಟವನ್ನು ಮಾರ್ಪಡಿಸಿ. 1998ರ ಹಾಫ್-ಲೈಫ್ ಆಟದ ಮೇಲೆ ಮಿನ್ ಲೀ ಮತ್ತು ಜೆಸ್ ಕ್ಲಿಫ್ 1999ರಲ್ಲಿ ಇದನ್ನು ಕಟ್ಟಿದರು. ಅದರ ಪ್ರಸಿದ್ಧ ಮ್ಯಾಪುಗಳಲ್ಲಿ ಹಲವನ್ನು ಮಾಡಿದ್ದು ಕಂಪನಿಯ ನೌಕರರಲ್ಲ, ಮನೆಯಲ್ಲಿ ಕೂತ ಆಟಗಾರರು. ಡಸ್ಟ್ ಮತ್ತು ಡಸ್ಟ್ 2 ಕಟ್ಟಿದ ಡೇವಿಡ್ ಜಾನ್‌ಸ್ಟನ್ ಕೂಡ ಅಂಥವರೇ. ಹತ್ತು ವರ್ಷ ಹಳೆಯ ಕಂಪ್ಯೂಟರಿನಲ್ಲೂ ಈ ಕೆಲಸ ಆಗುತ್ತದೆ. ನಮ್ಮ ಊರಿನ ಹುಡುಗರಿಗೆ ಇದಕ್ಕಿಂತ ಅಗ್ಗದ ಕಲಿಕೆ ಬೇರೆ ಸಿಗುವುದಿಲ್ಲ.

ಬೇಕಾದ ಸಾಮಗ್ರಿ

ಮ್ಯಾಪ್ ಕಟ್ಟುವ ಎಡಿಟರ್ ಒಂದು ಬೇಕು. ಹಳಬರು ಹ್ಯಾಮರ್ ಬಳಸುತ್ತಾರೆ. ಹೊಸದಾಗಿ ಶುರು ಮಾಡುವವರು ಜ್ಯಾಕ್ ಎಂಬ ಉಚಿತ ಎಡಿಟರ್ ತೆಗೆದುಕೊಳ್ಳಲಿ, ನೋಡಲು ಹ್ಯಾಮರಿನಂತೆಯೇ ಇದ್ದರೂ ಕಡಿಮೆ ಕಾಡುತ್ತದೆ. ಎರಡನೆಯದು ಮ್ಯಾಪನ್ನು ಆಟ ಓದುವ ರೂಪಕ್ಕೆ ತರುವ ಕಂಪೈಲ್ ಸಾಧನಗಳು. ಇವುಗಳಲ್ಲಿ ವಿಎಚ್‌ಎಲ್‌ಟಿ ಎಂಬ ಸಂಗ್ರಹ ನನಗೆ ಒಗ್ಗಿದೆ. ಮೂರನೆಯದು ಕೌಂಟರ್-ಸ್ಟ್ರೈಕಿನ ಎಫ್‌ಜಿಡಿ ಕಡತ. ಆಟಗಾರ ಹುಟ್ಟುವ ಜಾಗ, ಬಾಂಬ್ ಸೈಟ್ (ಬಾಂಬ್ ಇಡುವ ಜಾಗ), ದೀಪ ಇತ್ಯಾದಿಗಳನ್ನು ಎಡಿಟರಿಗೆ ಪರಿಚಯಿಸುವುದು ಇದೇ. ಕೊನೆಗೆ ಟೆಕ್ಸ್ಚರುಗಳ, ಅಂದರೆ ಗೋಡೆ ನೆಲಗಳಿಗೆ ಹಚ್ಚುವ ಚಿತ್ರಗಳ, ವ್ಯಾಡ್ ಕಡತಗಳು. ಎಡಿಟರಿನ ಸೆಟ್ಟಿಂಗ್ಸಿನಲ್ಲಿ ಈ ನಾಲ್ಕರ ದಾರಿಯನ್ನೂ ಸರಿಯಾಗಿ ತೋರಿಸಿ. ಫೋಲ್ಡರುಗಳ ಹೆಸರಿನಲ್ಲಿ ಖಾಲಿ ಜಾಗ ಬಿಡಬೇಡಿ, ಕಂಪೈಲ್ ಅಲ್ಲೇ ಎಡವುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಇನ್ನೊಂದು ಮಾತು. ಮುಂದೆ ಬರುವ ಆಜ್ಞೆಗಳನ್ನೂ ಹೆಸರುಗಳನ್ನೂ ನಾನು ಕನ್ನಡ ಲಿಪಿಯಲ್ಲಿ ಬರೆಯುತ್ತೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ಆಟದ ವಸ್ತುಗಳ ಹೆಸರಿನಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಹಾಕಿ.

ಮೊದಲು ಕಾಲಲ್ಲಿ ನಡೆಯಿರಿ, ಆಮೇಲೆ ಕಾಗದ

ಒಂದು ಬೆಳಿಗ್ಗೆ ಬಿಸಿಲೇರುವ ಮೊದಲು ಕೋಟೆ ಹತ್ತಿ. ಕೈಯಲ್ಲಿ ನೋಟ್‌ಬುಕ್ ಇರಲಿ. ದೊಡ್ಡ ದೊಡ್ಡ ಬಂಡೆಗಳ ನಡುವೆ ಸುತ್ತಿ ಸುತ್ತಿ ಏರುವ ಆ ಒಂದೇ ದಾರಿ ಎಲ್ಲೆಲ್ಲಿ ತಿರುಗುತ್ತದೆ, ಪ್ರತಿ ತಿರುವಿನಲ್ಲಿ ನಿಂತರೆ ಹಿಂದಿನದು ಎಷ್ಟು ಕಾಣುತ್ತದೆ, ಬಂಡೆಯಲ್ಲಿ ಕಡಿದ ನೀರಿನ ಕೊಳಗಳ ಅಂಚು ಎಷ್ಟು ಎತ್ತರ, ಇವನ್ನು ಬರೆದುಕೊಳ್ಳಿ. ಹೆಜ್ಜೆ ಎಣಿಸಿ. ಮ್ಯಾಪಿಗೆ ಬೇಕಾಗುವುದು ಫೋಟೋ ಮಾತ್ರವಲ್ಲ, ಆ ಜಾಗದಲ್ಲಿ ಮೈಗೆ ಆಗುವ ಅನುಭವ. ಎಲ್ಲಿ ಇಕ್ಕಟ್ಟು ಅನಿಸುತ್ತದೆ, ಎಲ್ಲಿ ಒಮ್ಮೆಗೇ ಬಯಲಾಗುತ್ತದೆ ಎಂಬುದು ನಡೆದವರಿಗೇ ಗೊತ್ತು.

ಈಗ ಅಳತೆ. ಈ ಆಟದಲ್ಲಿ ನಿಂತ ಆಟಗಾರನ ದೇಹ 32 ಯೂನಿಟ್ ಅಗಲ, 72 ಯೂನಿಟ್ ಎತ್ತರ. ಕುಕ್ಕರಗಾಲಲ್ಲಿ ಕೂತರೆ 36. ಒಂದು ಯೂನಿಟ್ ಅಂದರೆ ಹೆಚ್ಚುಕಡಿಮೆ ಒಂದು ಇಂಚು ಎಂದು ಹಿಡಿಯಿರಿ. ಮ್ಯಾಪಿನ ಒಟ್ಟು ಹರವು ಒಂದು ಬದಿಗೆ 8192 ಯೂನಿಟ್. ಅಂದರೆ ಸುಮಾರು 680 ಅಡಿ, 200 ಮೀಟರಿಗೆ ತುಸು ಹೆಚ್ಚು. ಇಡೀ ಗುಡ್ಡ ಇದರಲ್ಲಿ ಹಿಡಿಸುವುದಿಲ್ಲ. ಹಿಡಿಸಬೇಕಾಗಿಯೂ ಇಲ್ಲ. ಪೂರ್ವದ ಬಾಗಿಲು, ಏರುದಾರಿಯ ಮೂರು ತಿರುವು, ಒಂದು ಕೊಳ, ಮೇಲಿನ ಕೋಟೆಯ ಒಂದು ಅಂಗಳ. ಇಷ್ಟು ಸಾಕು.

ಪೂರ್ವದ ಬಾಗಿಲ ಹತ್ತಿರ ಕೋಟೆ ಆಂಜನೇಯನ ಗುಡಿ ಇದೆ. ಅದನ್ನು ನಾನು ಮ್ಯಾಪಿನಲ್ಲಿ ತಂದಿಲ್ಲ. ಜನ ಕೈಮುಗಿಯುವ ಜಾಗದಲ್ಲಿ ಗುಂಡು ಹಾರಿಸುವ ಆಟ ಬೇಡ. ಗುಡಿ, ದರ್ಗಾ, ಚರ್ಚುಗಳ ವಿಷಯದಲ್ಲಿ ನೀವೂ ಹಾಗೇ ಮಾಡಿ. ಬಾಗಿಲು ಮತ್ತು ಗೋಡೆಯ ರೂಪವನ್ನಷ್ಟೇ ತೆಗೆದುಕೊಂಡು ಹೆಸರಿಲ್ಲದ ಒಂದು ಕೋಟೆ ಕಟ್ಟಿದರೂ ನಮ್ಮೂರಿನವರು ಗುರುತು ಹಿಡಿಯುತ್ತಾರೆ.

ಕೋಟೆ ಬೇರೆ, ಆಟದ ಮ್ಯಾಪ್ ಬೇರೆ

ಇದು ಈ ಲೇಖನದ ಮುಖ್ಯ ಭಾಗ, ನಿಧಾನವಾಗಿ ಓದಿ. ಕೋಟೆ ಕಟ್ಟಿದವನಿಗೆ ಬೇಕಾಗಿದ್ದು ಹೊರಗಿನವನು ಒಳಗೆ ಬರದಿರುವುದು. ಅದಕ್ಕೇ ಒಂದೇ ದಾರಿ, ಅದೂ ಸುತ್ತುದಾರಿ. ಮ್ಯಾಪ್ ಕಟ್ಟುವವನಿಗೆ ಬೇಕಾಗಿದ್ದು ಇಬ್ಬರಿಗೂ ಗೆಲ್ಲುವ ದಾರಿ. ಈ ಆಟದಲ್ಲಿ ಬಾಂಬ್ ಇಡಲು ಬರುವ ತಂಡದವರು ಟಿಗಳು, ತಡೆಯುವ ತಂಡದವರು ಸಿಟಿಗಳು. ಕೋಟೆಯನ್ನು ಇದ್ದ ಹಾಗೇ ಎತ್ತಿ ತಂದರೆ ಆ ಒಂದೇ ದಾರಿಯ ತಿರುವಿನಲ್ಲಿ ಇಬ್ಬರು ಸಿಟಿಗಳು ಏಡಬ್ಲ್ಯೂಪಿ ಎಂಬ ದೂರದ ಗುರಿಯ ಬಂದೂಕು ಹಿಡಿದು ಕೂತರೆ ಮುಗಿಯಿತು, ಐದು ಜನ ಟಿಗಳು ಅಲ್ಲೇ ಸಾಯುತ್ತಾರೆ. ಆದ್ದರಿಂದ ಪ್ರತಿ ಬಾಂಬ್ ಸೈಟಿಗೂ ಕನಿಷ್ಠ ಎರಡು ದಾರಿ ಇಡಬೇಕು. ನಾನು ಬಂಡೆಯ ಬಿರುಕನ್ನು ಹಿಗ್ಗಿಸಿ ಒಂದು ಇಕ್ಕಟ್ಟು ದಾರಿ ಮಾಡಿದೆ, ಕೊಳದಿಂದ ನೀರು ಹೊರಹೋಗುವ ಕಾಲುವೆಯನ್ನು ಮನುಷ್ಯ ಬಗ್ಗಿ ನುಸುಳುವಷ್ಟು ಮಾಡಿದೆ. ಎರಡೂ ಅಸಲಿ ಕೋಟೆಯಲ್ಲಿಲ್ಲ, ಆದರೆ ಅಂಥ ಕೋಟೆಯಲ್ಲಿ ಇರಬಹುದಾದವು.

ಕಾಗದದ ಮೇಲೆ ಎರಡು ಸೈಟು, ಎರಡು ಹುಟ್ಟುವ ಜಾಗ, ನಡುವಿನ ದಾರಿಗಳು ಇವನ್ನು ಬರೀ ಗೆರೆಗಳಲ್ಲಿ ಬರೆಯಿರಿ. ಪ್ರತಿ ಗೆರೆಯ ಮೇಲೂ ಅದರ ಉದ್ದ ಬರೆಯಿರಿ. ಆಮೇಲೆ ಲೆಕ್ಕ ಮಾಡಿ. ಚಾಕು ಹಿಡಿದು ಓಡುವವನ ವೇಗ ಸೆಕೆಂಡಿಗೆ 250 ಯೂನಿಟ್. ಎಂ4 ಬಂದೂಕು ಹಿಡಿದರೆ 230, ಏಕೆ-47 ಹಿಡಿದರೆ 221, ಏಡಬ್ಲ್ಯೂಪಿ ಹಿಡಿದರೆ 210. ನನ್ನ ಮ್ಯಾಪಿನಲ್ಲಿ ಟಿಗಳು ಹುಟ್ಟುವ ಬಾಗಿಲಿನಿಂದ ಎರಡನೆಯ ತಿರುವಿಗೆ 2400 ಯೂನಿಟ್, ಅಂದರೆ ಚಾಕು ಹಿಡಿದು 9.6 ಸೆಕೆಂಡ್. ಸಿಟಿಗಳಿಗೆ ಅದೇ ತಿರುವು 1750 ಯೂನಿಟ್, 7 ಸೆಕೆಂಡ್. ಎರಡೂವರೆ ಸೆಕೆಂಡ್ ಮೊದಲು ಬರುವ ಸಿಟಿ ಬಂದೂಕು ಕೈಗೆತ್ತಿಕೊಂಡು ಗೋಡೆಯ ಮರೆಗೆ ನಿಲ್ಲಬಹುದು, ಆದರೆ ತಿರುವು ದಾಟಿ ಮುಂದೆ ನುಗ್ಗಿ ಟಿಗಳ ಬಾಗಿಲಲ್ಲೇ ಕ್ಯಾಂಪ್ ಹಾಕಲು ಸಮಯ ಸಾಲದು. ಈ ಅಂತರವನ್ನು ನಾನು ಎರಡರಿಂದ ಮೂರು ಸೆಕೆಂಡಿನ ಒಳಗೇ ಇಡುತ್ತೇನೆ. ಸಿಟಿ ಐದು ಸೆಕೆಂಡ್ ಮೊದಲು ಬಂದರೆ ಟಿಗಳಿಗೆ ಆಟವೇ ಇಲ್ಲ. ಇಬ್ಬರೂ ಒಟ್ಟಿಗೆ ಬಂದರೆ ಪ್ರತಿ ರೌಂಡೂ ಅದೃಷ್ಟದ ಮೇಲೆ ನಿಲ್ಲುತ್ತದೆ.

ಬಾಂಬಿನ ಲೆಕ್ಕ ಬೇರೆ. ಆಟದ ಮೂಲ ಸೆಟ್ಟಿಂಗಿನಲ್ಲಿ ಪ್ಲಾಂಟ್ ಆದ ಮೇಲೆ ಬಾಂಬ್ ಸಿಡಿಯಲು 45 ಸೆಕೆಂಡ್. ಕಿಟ್ ಎಂಬ ಉಪಕರಣ ಇಲ್ಲದೆ ಅದನ್ನು ಡಿಫ್ಯೂಸ್ (ನಿಷ್ಕ್ರಿಯ) ಮಾಡಲು 10 ಸೆಕೆಂಡ್, ಕಿಟ್ ಇದ್ದರೆ 5. ಅಂದರೆ ಎ ಸೈಟಿನಲ್ಲಿ ಕಾಯುತ್ತಿದ್ದ ಸಿಟಿಗೆ ಬಿ ಸೈಟಿಗೆ ಓಡಿ, ಅಲ್ಲಿದ್ದ ಟಿಗಳನ್ನು ಹೊಡೆದು, ಬಾಂಬಿನ ಹತ್ತಿರ ಹೋಗಲು ಕಿಟ್ ಇಲ್ಲದಿದ್ದರೆ 35 ಸೆಕೆಂಡ್ ಇದೆ. ಓಟಕ್ಕೆ ಅದರಲ್ಲಿ ಅರ್ಧಕ್ಕಿಂತ ಕಡಿಮೆ ಹೋಗಬೇಕು. ಎಂ4 ಹಿಡಿದು 15 ಸೆಕೆಂಡ್ ಓಡಿದರೆ 3450 ಯೂನಿಟ್. ಎ ಯಿಂದ ಬಿ ಗೆ ದಾರಿ ಇದಕ್ಕಿಂತ ಉದ್ದವಾದರೆ ಮರಳಿ ಸೈಟು ಹಿಡಿಯುವ ಆಸೆಯನ್ನೇ ಸಿಟಿಗಳು ಬಿಡುತ್ತಾರೆ. ಟೂರ್ನಮೆಂಟುಗಳಲ್ಲಿ ಬಾಂಬಿನ ಸಮಯವನ್ನು 35 ಸೆಕೆಂಡಿಗೆ ಇಳಿಸುವುದೂ ಉಂಟು. ಅಂಥಲ್ಲಿ ಆಡಿಸುವ ಆಸೆ ಇದ್ದರೆ ದಾರಿಯನ್ನು ಇನ್ನೂ ಚಿಕ್ಕದು ಮಾಡಿ.

ಇನ್ನು ಎತ್ತರ. ಬರೀ ಜಿಗಿತದಲ್ಲಿ ಆಟಗಾರ 45 ಯೂನಿಟ್ ಏರುತ್ತಾನೆ, ಜಿಗಿಯುತ್ತಲೇ ಕಾಲು ಮಡಚಿದರೆ 63. ಆದರೆ ಗೆಳೆಯನ ತಲೆಯ ಮೇಲೆ ನಿಂತು ಜಿಗಿದರೆ 72 ಮತ್ತು 63 ಸೇರಿ 135 ಯೂನಿಟ್ ಎತ್ತರದ ಬಂಡೆಯನ್ನೂ ಹತ್ತುತ್ತಾನೆ. ಯಾರೂ ಹತ್ತಬಾರದು ಎಂದುಕೊಂಡ ಪ್ರತಿ ಬಂಡೆಯ ಪಕ್ಕದಲ್ಲಿ ಈ 135ನ್ನು ಬರೆದಿಡಿ. ನನ್ನ ಕುಂಬಾರ ಗುಡ್ಡ ಹುಟ್ಟಿದ್ದು ಈ ಸಂಖ್ಯೆಯನ್ನು ಮರೆತಿದ್ದರಿಂದ. ಅದರ ಕತೆ ಮುಂದೆ ಬರುತ್ತದೆ.

ಬೂದು ಡಬ್ಬಿಗಳಲ್ಲಿ ಕಟ್ಟುವುದು

ಎಡಿಟರ್ ತೆರೆದು ಗ್ರಿಡ್ಡನ್ನು 16 ಅಥವಾ 32ಕ್ಕೆ ಇಡಿ. ಒಂದೇ ಬೂದು ಟೆಕ್ಸ್ಚರ್ ಆರಿಸಿ ಇಡೀ ಮ್ಯಾಪನ್ನು ಬರೀ ಡಬ್ಬಿಗಳಲ್ಲಿ ಕಟ್ಟಿ. ಬಂಡೆ ಇದ್ದಲ್ಲಿ ಒಂದು ಡಬ್ಬಿ, ಬುರುಜು ಇದ್ದಲ್ಲಿ ಇನ್ನೊಂದು. ಅಂದ ಮಾಡುವ ಚಪಲ ಬರುತ್ತದೆ, ತಡೆದುಕೊಳ್ಳಿ. ಈ ಹಂತದಲ್ಲಿ ಒಂದು ದಾರಿಯನ್ನು ಎಳೆದು ಬೇರೆ ಕಡೆ ಇಡಲು ಐದು ನಿಮಿಷ ಸಾಕು. ತೆನೆಗೋಡೆ ಮಾಡಿದ ಮೇಲೆ ಅದೇ ಕೆಲಸಕ್ಕೆ ಒಂದು ಭಾನುವಾರ ಪೂರ್ತಿ ಹೋಗುತ್ತದೆ.

ನಿಜವಾದ ಅಳತೆಯನ್ನು ಹಾಗೇ ಇಟ್ಟರೆ ಆಟದಲ್ಲಿ ಎಲ್ಲವೂ ಇಕ್ಕಟ್ಟಾಗಿ ಕಾಣುತ್ತದೆ. ಏಳಡಿಯ ಬಾಗಿಲು ಲೆಕ್ಕಕ್ಕೆ 84 ಯೂನಿಟ್, ಆದರೆ ಓಡುತ್ತ ಜಿಗಿಯುತ್ತ ದಾಟುವವನಿಗೆ 112ರಿಂದ 128 ಬೇಕು. ಮುಖ್ಯ ದಾರಿಗಳಿಗೆ 192ರಿಂದ 256 ಅಗಲ, ಇಬ್ಬರು ಪಕ್ಕಪಕ್ಕ ದಾಟುವ ಕಿರುದಾರಿಗೆ 128 ಇಡಿ. ಮೆಟ್ಟಿಲಿನ ಎತ್ತರ 18 ಯೂನಿಟ್ ದಾಟಿದರೆ ಜಿಗಿಯದೆ ಹತ್ತಲಾಗುವುದಿಲ್ಲ, 8 ಅಥವಾ 12 ಚೆನ್ನ. ಇಳಿಜಾರು ಸುಮಾರು 45 ಡಿಗ್ರಿ ದಾಟಿದರೆ ಆಟಗಾರ ನಿಲ್ಲಲಾರ, ಜಾರುತ್ತಾನೆ. ಬಳ್ಳಾರಿಯ ಬಂಡೆಗಳಿಗೆ ಈ ಕೊನೆಯ ನಿಯಮ ಬಹಳ ಉಪಕಾರಿ. ಹತ್ತಬಾರದ ಬಂಡೆಯ ಮೈಯನ್ನು ಕಡಿದಾಗಿಸಿದರೆ ಅದೇ ಬೇಲಿಯಾಗುತ್ತದೆ.

ಎಡಿಟರಿನಲ್ಲಿ ಕಟ್ಟುವ ಪ್ರತಿ ಗಟ್ಟಿ ತುಂಡಿಗೆ ಬ್ರಷ್ ಎನ್ನುತ್ತಾರೆ. ಬ್ರಷ್ ಎಂದೂ ಒಳಗೆ ತಗ್ಗಿರಬಾರದು, ಎಲ್ಲ ಕಡೆ ಹೊರಕ್ಕೇ ಉಬ್ಬಿರಬೇಕು. ತೆಂಗಿನಕಾಯಿ ಆಗುತ್ತದೆ, ಹೋಳು ಮಾಡಿ ತಿರುಳು ತೆಗೆದ ಚಿಪ್ಪು ಆಗುವುದಿಲ್ಲ. ಚಿಪ್ಪಿನ ಆಕಾರ ಬೇಕಾದರೆ ಸಣ್ಣ ಸಣ್ಣ ತುಂಡು ಜೋಡಿಸಿ. ಕಾರ್ವ್ ಎಂಬ ಉಪಕರಣ ಇದನ್ನು ಒಂದೇ ಏಟಿಗೆ ಮಾಡಿಕೊಡುವಂತೆ ಕಾಣುತ್ತದೆ, ಮುಟ್ಟಬೇಡಿ. ಸುತ್ತಲಿನ ಗೋಡೆಗಳನ್ನೆಲ್ಲ ಅದು ಬೇಡದ ಚೂರುಗಳಾಗಿ ಕತ್ತರಿಸಿ ಇಡುತ್ತದೆ.

ಬಂಡೆ ಮಾಡುವ ನನ್ನ ವಿಧಾನ ಹೀಗೆ. ಎಂಟು ಮುಖದ ಒಂದು ಸಿಲಿಂಡರ್ ಎಳೆಯಿರಿ. ವರ್ಟೆಕ್ಸ್ ಉಪಕರಣ ಹಿಡಿದು ಮೇಲಿನ ಎಂಟು ಮೂಲೆಗಳನ್ನು ಒಳಕ್ಕೆ ಎಳೆಯಿರಿ, ಎಲ್ಲವನ್ನೂ ಒಂದೇ ಸಮ ಬೇಡ. ಅದರ ಮೇಲೆ ಇನ್ನೊಂದು ಚಪ್ಪಟೆ ತುಂಡನ್ನು ಟೋಪಿಯಂತೆ ಇಡಿ. ನಾಲ್ಕು ಮೂಲೆಯ ಒಂದು ಮುಖದಲ್ಲಿ ಒಂದೇ ಮೂಲೆಯನ್ನು ಎಳೆದರೆ ಆ ಮುಖ ಸೊಟ್ಟಗಾಗಿ ಬ್ರಷ್ ಕೆಡುತ್ತದೆ, ಅದನ್ನು ಮೊದಲು ತ್ರಿಕೋನಗಳಾಗಿ ಸೀಳಿ. ನೆಲದ ಏರಿಳಿತಕ್ಕೂ ಇದೇ ಮಾತು. ಮೇಲ್ಮುಖ ತ್ರಿಕೋನವಾಗಿರುವ ತುಂಡುಗಳಿಂದ ಗುಡ್ಡದ ಮೈ ಹೆಣೆದರೆ ಯಾವ ಮೂಲೆ ಎಳೆದರೂ ಕೆಡುವುದಿಲ್ಲ. ಮೂಲೆಗಳು ಯಾವಾಗಲೂ ಗ್ರಿಡ್ಡಿನ ಮೇಲೇ ಕೂರಲಿ. ಹತ್ತು ನಿಮಿಷಕ್ಕೊಮ್ಮೆ ಆಲ್ಟ್ ಮತ್ತು ಪಿ ಒತ್ತಿ ತಪ್ಪುಗಳ ಪಟ್ಟಿ ನೋಡಿ. ಪ್ರತಿ ಗಂಟೆಗೆ ಹೊಸ ಸಂಖ್ಯೆ ಕೊಟ್ಟು ಬೇರೆ ಕಡತವಾಗಿ ಸೇವ್ ಮಾಡಿ. ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ಸೇವ್ ಆಗುತ್ತಿರುವಾಗಲೇ ಹೋಗಿ ನನ್ನ ಇಡೀ ಮೇಲಿನ ಅಂಗಳ ಒಮ್ಮೆ ಹಾಳಾಗಿದೆ.

ಬಂಡೆಗಳನ್ನು ಮಾಡಿ ಮುಗಿದ ಮೇಲೆ ಕಂಟ್ರೋಲ್ ಮತ್ತು ಟಿ ಒತ್ತಿ ಅವನ್ನು ಫಂಕ್ ಡೀಟೇಲ್ ಅಥವಾ ಫಂಕ್ ವಾಲ್ ಎಂಬ ಆಟದ ವಸ್ತುವಾಗಿ ಮಾಡಿ. ಹೀಗೆ ಮಾಡಿದರೆ ಅವು ನೆಲವನ್ನೂ ಗೋಡೆಯನ್ನೂ ಚೂರು ಚೂರಾಗಿ ಕತ್ತರಿಸುವುದಿಲ್ಲ. ಆದರೆ ನೆನಪಿಡಿ, ಹೀಗೆ ಮಾಡಿದ ಬ್ರಷ್ ಮ್ಯಾಪನ್ನು ಮುಚ್ಚುವ ಗೋಡೆಯಾಗಿ ಕೆಲಸ ಮಾಡುವುದಿಲ್ಲ.

ಹುಟ್ಟುವ ಜಾಗ, ಅಂಗಡಿ, ಬಾಂಬ್

ಇಲ್ಲಿ ಹೊಸಬರು ತಪ್ಪುವುದು ಹೆಸರಿನಲ್ಲಿ. ಇನ್ಫೋ ಪ್ಲೇಯರ್ ಸ್ಟಾರ್ಟ್ ಎಂಬುದು ಸಿಟಿಗಳದು. ಟಿಗಳದು ಇನ್ಫೋ ಪ್ಲೇಯರ್ ಡೆತ್‌ಮ್ಯಾಚ್. 32 ಜನರ ಸರ್ವರಿಗೆ ಒಂದೊಂದು ಕಡೆ 16 ಬೇಕು. ನೆಲಕ್ಕೆ ತಾಗಿಸದೆ ಕೆಲವು ಯೂನಿಟ್ ಮೇಲೆ ಇಡಿ, ನೆಲದಲ್ಲಿ ಹೂತರೆ ಆಟಗಾರ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಒಂದರ ಮೇಲೊಂದು ಬಂದರೆ ರೌಂಡ್ ಶುರುವಾಗುವಾಗಲೇ ಸಾವು. ಎಲ್ಲರ ಮುಖವೂ ಹೋಗಬೇಕಾದ ದಾರಿಯ ಕಡೆಗಿರಲಿ. ಬಂದೂಕು ಕೊಳ್ಳುವ ಜಾಗಕ್ಕೆ ಫಂಕ್ ಬೈಜೋನ್, ಬಾಂಬ್ ಇಡುವ ಜಾಗಕ್ಕೆ ಫಂಕ್ ಬಾಂಬ್ ಟಾರ್ಗೆಟ್. ಎರಡಕ್ಕೂ ಕಾಣದ ಟ್ರಿಗರ್ ಟೆಕ್ಸ್ಚರ್ ಹಚ್ಚಿದ ಡಬ್ಬಿ ಎಳೆದು ಕಂಟ್ರೋಲ್ ಮತ್ತು ಟಿ ಒತ್ತಿದರಾಯಿತು. ಬೈಜೋನ್ ಯಾವ ತಂಡದ್ದೆಂದು ಹೇಳಲು ಮರೆಯಬೇಡಿ.

ಸೋರಿಕೆ ಹುಡುಕುವುದು

ಈಗ ಕಂಪೈಲ್. ನಾಲ್ಕು ಕಾರ್ಯಕ್ರಮಗಳು ಒಂದಾದ ಮೇಲೊಂದು ಓಡುತ್ತವೆ. ಸಿಎಸ್‌ಜಿ ಬ್ರಷ್‌ಗಳ ಹೊರಮೈ ತೆಗೆಯುತ್ತದೆ. ಬಿಎಸ್‌ಪಿ ಜಾಗವನ್ನು ಕೋಣೆಗಳಂತೆ ಭಾಗ ಮಾಡುತ್ತದೆ. ವಿಸ್ ಯಾವ ಭಾಗದಿಂದ ಯಾವುದು ಕಾಣುತ್ತದೆ ಎಂದು ಲೆಕ್ಕ ಹಾಕುತ್ತದೆ. ರಾಡ್ ಬೆಳಕು ಚೆಲ್ಲುತ್ತದೆ. ಮ್ಯಾಪಿನ ಒಳಗಿನಿಂದ ಹೊರಗಿನ ಶೂನ್ಯಕ್ಕೆ ಒಂದೇ ಒಂದು ಯೂನಿಟ್ ಸಂದು ಇದ್ದರೂ ಅದು ಲೀಕ್. ಲೀಕ್ ಇದ್ದರೆ ವಿಸ್ ಓಡುವುದಿಲ್ಲ. ಆಗ ಮ್ಯಾಪಿನ ಎಲ್ಲ ಭಾಗವೂ ಎಲ್ಲ ಕಡೆಯಿಂದಲೂ ಕಾಣುತ್ತದೆ ಎಂದು ಆಟ ತಿಳಿದುಕೊಂಡು ತೆವಳತೊಡಗುತ್ತದೆ.

ಕಂಪೈಲ್ ಲಾಗನ್ನು ಮೇಲಿನಿಂದ ಓದಿ. ಮೊದಲ ತಪ್ಪು ತಿದ್ದಿದರೆ ಕೆಳಗಿನ ಹತ್ತು ತಪ್ಪು ತಾವಾಗಿಯೇ ಹೋಗುತ್ತವೆ. ಲೀಕ್ ಆದಾಗ ಸಾಧನ ಒಂದು ಪಾಯಿಂಟ್‌ಫೈಲ್ ಬರೆದಿಡುತ್ತದೆ. ಅದನ್ನು ಎಡಿಟರಿನಲ್ಲಿ ತೆರೆದರೆ ಒಳಗಿನ ಯಾವುದೋ ವಸ್ತುವಿನಿಂದ ಹೊರಟ ಗೆರೆ ಸಂದಿನ ಮೂಲಕ ಶೂನ್ಯಕ್ಕೆ ಹೋಗಿರುವುದು ಕಾಣುತ್ತದೆ. ಇರುವೆಯ ಸಾಲು ಹಿಡಿದು ಗೋಡೆಯ ಬಿರುಕು ಹುಡುಕುವ ಹಾಗೆ ಅದರ ಹಿಂದೆ ಹೋಗಿ. ನನ್ನ ಒಂದು ಲೀಕ್ ಬುರುಜಿನ ತುದಿಗೂ ಮೇಲೆ ಆಕಾಶವಾಗಿ ಮುಚ್ಚುವ ಬ್ರಷ್‌ಗೂ ನಡುವೆ ಇತ್ತು, ಎಂಟು ಮುಖದ ಬುರುಜಿನ ಒಂದು ಮೂಲೆ ಗ್ರಿಡ್ಡಿನಿಂದ ಜಾರಿದ್ದೇ ಕಾರಣ. ಅದನ್ನು ಹುಡುಕಲು ಎರಡು ರಾತ್ರಿ ಹಿಡಿಯಿತು.

ಲೀಕ್ ಸಿಗದಿದ್ದಾಗ ಕೆಲವರು ಇಡೀ ಮ್ಯಾಪಿನ ಸುತ್ತ ಆಕಾಶದ ಒಂದು ದೊಡ್ಡ ಡಬ್ಬಿ ಹೊದಿಸುತ್ತಾರೆ. ದಯವಿಟ್ಟು ಬೇಡ. ಲೀಕ್ ಹೋದಂತೆ ಕಾಣುತ್ತದೆ ನಿಜ. ಆದರೆ ಹೊರಗಿನ ಗೋಡೆಗಳ ಬೆನ್ನೂ ಲೆಕ್ಕಕ್ಕೆ ಬರುತ್ತದೆ, ವಿಸ್ ಮಾಡಬೇಕಾದ ಕೆಲಸವೆಲ್ಲ ನೀರುಪಾಲು. ಪ್ರತಿ ಅಂಗಳಕ್ಕೆ ಅದರದೇ ಆಕಾಶ ಹಾಕಿ. ಎರಡು ತಿರುವುಗಳ ನಡುವಿನ ಎತ್ತರದ ಗೋಡೆಯ ಮೇಲೆ ಆಕಾಶವನ್ನು ಕೆಳಗಿಳಿಸಿ ಗೋಡೆಗೆ ತಾಗಿಸಿದರೆ ಆ ಎರಡು ಭಾಗ ಒಂದಕ್ಕೊಂದು ಕಾಣುವುದಿಲ್ಲ, ಯಂತ್ರಕ್ಕೆ ಅರ್ಧ ಭಾರ ಇಳಿಯುತ್ತದೆ. ಕೋಟೆಯ ಸುತ್ತುದಾರಿ ಇಲ್ಲಿ ನಮಗೆ ವರ. ಪ್ರತಿ ತಿರುವೂ ಸಹಜವಾಗಿ ನೋಟವನ್ನು ಕಡಿಯುತ್ತದೆ. ಆಟದೊಳಗೆ ಕನ್ಸೋಲಿನಲ್ಲಿ ಡೆವಲಪರ್ 1, ಆಮೇಲೆ ಆರ್ ಸ್ಪೀಡ್ಸ್ 1 ಎಂದು ಕೊಟ್ಟರೆ ಒಂದು ಕ್ಷಣಕ್ಕೆ ಎಷ್ಟು ಮುಖಗಳನ್ನು ಬಿಡಿಸುತ್ತಿದೆ ಎಂಬ ಸಂಖ್ಯೆ ಬರುತ್ತದೆ. ಹಳೆಯ ಯಂತ್ರಗಳಲ್ಲಿ ಆಡಿಸುವುದಾದರೆ ಆ ಸಂಖ್ಯೆ 800ರ ಆಸುಪಾಸಿನಲ್ಲೇ ಇರುವಂತೆ ನಾನು ನೋಡಿಕೊಳ್ಳುತ್ತೇನೆ.

ಬಿಸಿಲು ಮತ್ತು ಕಲ್ಲು

ಲೈಟ್ ಎನ್ವಿರಾನ್ಮೆಂಟ್ ಎಂಬ ಒಂದೇ ವಸ್ತು ಇಡೀ ಮ್ಯಾಪಿನ ಸೂರ್ಯ. ಬಣ್ಣಕ್ಕೆ 255 240 200, ಅದರ ಮುಂದೆ ಪ್ರಖರತೆಗೆ 200 ಕೊಟ್ಟು ನೋಡಿ. ಪಿಚ್ (ಬಿಸಿಲು ಬೀಳುವ ಕೋನ) ಮೈನಸ್ 60 ಇಟ್ಟರೆ ನಮ್ಮೂರಿನ ಹನ್ನೊಂದು ಗಂಟೆಯ ಬಿಸಿಲು. ಈ ಎಂಜಿನ್ನಿನಲ್ಲಿ ಆಟಗಾರನ ಮೈಮೇಲೆ ಬೀಳುವ ಬೆಳಕನ್ನು ಅವನ ಕಾಲಡಿಯ ನೆಲದ ಬೆಳಕಿನಿಂದ ತೆಗೆದುಕೊಳ್ಳುತ್ತಾರೆ. ನೆಲ ಕತ್ತಲಾದರೆ ಅಲ್ಲಿ ನಿಂತವನೂ ಕತ್ತಲು. ಆದ್ದರಿಂದ ಬಂಡೆಯ ನೆರಳಿನ ಮೂಲೆಗಳಲ್ಲಿ ಮಂದವಾದ ಒಂದೆರಡು ದೀಪ ಇಡಿ, ಇಲ್ಲದಿದ್ದರೆ ಅಲ್ಲಿ ಕೂತವನು ಯಾರಿಗೂ ಕಾಣುವುದಿಲ್ಲ.

ಟೆಕ್ಸ್ಚರನ್ನು ನೀವೇ ಮಾಡಿ. ಮೋಡ ಮುಸುಕಿದ ದಿನ ಕಲ್ಲಿನ ಗೋಡೆಗೆ ಎದುರಾಗಿ ನೇರ ನಿಂತು ಫೋನಿನಲ್ಲಿ ಫೋಟೋ ತೆಗೆಯಿರಿ. ಬಿಸಿಲಿನಲ್ಲಿ ತೆಗೆದರೆ ಕಲ್ಲಿನ ನೆರಳೂ ಅಚ್ಚಾಗುತ್ತದೆ, ಮ್ಯಾಪಿನ ಸೂರ್ಯನಿಗೂ ಅದಕ್ಕೂ ಹೊಂದುವುದಿಲ್ಲ. 256ಕ್ಕೆ 256ರ ಚೌಕ ಕತ್ತರಿಸಿ, ಅಂಚುಗಳು ಒಂದಕ್ಕೊಂದು ಸೇರುವಂತೆ ತಿದ್ದಿ, 256 ಬಣ್ಣದ ಬಿಎಂಪಿ ಮಾಡಿ, ವಾಲಿ ಎಂಬ ತಂತ್ರಾಂಶದಲ್ಲಿ ವ್ಯಾಡ್ ಕಡತಕ್ಕೆ ಸೇರಿಸಿ. ಉದ್ದ ಅಗಲ ಎರಡೂ 16ರ ಗುಣಕವಾಗಿರಬೇಕು. ಟೆಕ್ಸ್ಚರಿನ 240 ಪಿಕ್ಸೆಲಿಗೊಮ್ಮೆ ಕಂಪೈಲ್ ಸಾಧನ ಗೋಡೆಯ ಮುಖವನ್ನು ತುಂಡರಿಸುವುದರಿಂದ, ದೂರದ ಎತ್ತರದ ಗೋಡೆಗಳಿಗೆ ಟೆಕ್ಸ್ಚರ್ ಅಳತೆಯನ್ನು 2 ಮಾಡಿ. ತುಂಡುಗಳು ಕಡಿಮೆಯಾಗುತ್ತವೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬಳ್ಳಾರಿಯ ಕಲ್ಲಿನದು ಒಂದು ತೊಡಕು. ಕಂದು, ಬೂದು, ಮಣ್ಣಿನ ಕೆಂಪು. ಆಟದ ಕೆಲವು ವೇಷಗಳೂ ಹೆಚ್ಚುಕಡಿಮೆ ಅದೇ ಬಣ್ಣ. ಗುಂಡಿನ ಕಾಳಗ ನಡೆಯುವ ತಿರುವುಗಳಲ್ಲಿ ಹಿಂದಿನ ಗೋಡೆಗೆ ಸುಣ್ಣ ಬಳಿದಂಥ ತಿಳಿ ಬಣ್ಣ ಕೊಟ್ಟೆ. ಆಮೇಲೆ ಎದುರಾಳಿ ಸ್ಪಷ್ಟವಾಗಿ ಕಾಣತೊಡಗಿದ.

ಆಡಿಸಿ, ಬಾಯಿ ಮುಚ್ಚಿ ನೋಡಿ

ಬೂದು ಡಬ್ಬಿಗಳ ಹಂತದಲ್ಲೇ ಒಮ್ಮೆ, ಬಣ್ಣ ಹಚ್ಚಿದ ಮೇಲೆ ಇನ್ನೊಮ್ಮೆ, ಹತ್ತು ಜನರನ್ನು ಕೂರಿಸಿ ಆಡಿಸಲೇಬೇಕು. ನಾನು ಗೆಳೆಯನೊಬ್ಬನ ಬ್ರೌಸಿಂಗ್ ಸೆಂಟರಿನಲ್ಲಿ ಭಾನುವಾರ ಮಧ್ಯಾಹ್ನ ಲ್ಯಾನ್ ಹಾಕಿ ಆಡಿಸುತ್ತೇನೆ. ಮ್ಯಾಪ್ ಕಟ್ಟಿದವನು ಆಡಬಾರದು, ಹಿಂದೆ ನಿಂತು ನೋಡಬೇಕು. ದಾರಿ ತೋರಿಸಲೂಬಾರದು. ಯಾರಾದರೂ ಗೋಡೆಗೆ ಮುಖ ಕೊಟ್ಟು ನಿಂತರೆ ಅದು ಅವರ ತಪ್ಪಲ್ಲ, ನಮ್ಮ ಬಾಗಿಲು ಕಾಣುತ್ತಿಲ್ಲ.

ಮೊದಲ ಮ್ಯಾಪನ್ನು ಆಡಿಸಿದ ದಿನ ಎಂಟನೇ ಕ್ಲಾಸಿನ ಹುಡುಗನೊಬ್ಬ ಇದ್ದ. ಮೂರನೇ ರೌಂಡಿನಲ್ಲಿ ಕುರ್ಚಿಯಿಂದಲೇ ಕೂಗಿದ.

"ಅಣ್ಣಾ, ಇಲ್ಲಿಂದ ಸಿಟಿಗಳು ಹುಟ್ಟೋ ಜಾಗ ಪೂರಾ ಕಾಣ್ತೈತಿ ನೋಡು!"

"ಆ ಬಂಡಿ ಮ್ಯಾಲೆ ಹೆಂಗ ಹತ್ತಿದ್ಯೋ?"

"ಇವನ ತಲಿ ಮ್ಯಾಲೆ ನಿಂತು ಜಿಗದೆ."

ಬಂಡೆಯ ಎತ್ತರ 120. ಒಬ್ಬನೇ ಹತ್ತಲಾರ ಎಂದು 63ರ ಲೆಕ್ಕದಲ್ಲಿ ನಿಶ್ಚಿಂತನಾಗಿದ್ದೆ. ಇಬ್ಬರು ಸೇರಿದರೆ 135 ಎಂಬುದು ಆ ಹುಡುಗನಿಂದ ಕಲಿತ ಪಾಠ. ಮುಂದಿನ ಹತ್ತು ರೌಂಡಿನಲ್ಲಿ ಟಿಗಳು ಬೇರೆ ಎಲ್ಲಿಗೂ ಹೋಗಲಿಲ್ಲ. ಅಂಥ ಬಂಡೆಗಳಿಗೆ ಕ್ಲಿಪ್ ಎಂಬ ಕಾಣದ ಟೆಕ್ಸ್ಚರಿನ ಬ್ರಷ್ ಹೊದಿಸಬಹುದು. ಆಟಗಾರನನ್ನು ಅದು ತಡೆಯುತ್ತದೆ, ಗುಂಡನ್ನು ತಡೆಯುವುದಿಲ್ಲ. ಆದರೆ ಕಾಣದ ಗೋಡೆಗೆ ಢಿಕ್ಕಿ ಹೊಡೆಯುವುದು ಆಡುವವನಿಗೆ ಹಿತವಲ್ಲ. ನಾನು ಬಂಡೆಯ ತಲೆಯನ್ನೇ 160ಕ್ಕೆ ಏರಿಸಿ ಮೇಲ್ಮೈಯನ್ನು ಜಾರುವಷ್ಟು ಕಡಿದು ಮಾಡಿದೆ, ಸಿಟಿ ಕಡೆಯ ತೆನೆಗೋಡೆಯನ್ನು 32 ಯೂನಿಟ್ ಎತ್ತರಿಸಿದೆ. ಮುಂದಿನ ಭಾನುವಾರ ಅದೇ ಹುಡುಗನನ್ನೇ ಕರೆದು ಅರ್ಧ ಗಂಟೆ ಅಲ್ಲೇ ಪ್ರಯತ್ನಿಸಲು ಹೇಳಿದೆ. ಹತ್ತಲಾಗಲಿಲ್ಲ.

ಆಡಿಸುವಾಗ ಕಾಗದದಲ್ಲಿ ಮೂರೇ ವಿಷಯ ಗುರುತು ಹಾಕಿ. ಪ್ರತಿ ರೌಂಡಿನ ಮೊದಲ ಸಾವು ಎಲ್ಲಾಯಿತು, ಯಾವ ಕಡೆ ಗೆದ್ದಿತು, ಯಾವ ದಾರಿಗೆ ಯಾರೂ ಕಾಲಿಡಲಿಲ್ಲ. ಇಪ್ಪತ್ತು ರೌಂಡಿನಲ್ಲಿ ಹದಿನೈದು ಒಂದೇ ಕಡೆಗೆ ಹೋದರೆ ಮೊದಲು ಸೆಕೆಂಡುಗಳ ಲೆಕ್ಕ ನೋಡಿ, ಆಮೇಲೆ ಎತ್ತರ ನೋಡಿ. ನನ್ನ ಕಾಲುವೆಗೆ ಎರಡು ವಾರ ಯಾರೂ ಇಳಿಯಲಿಲ್ಲ. ಒಳಗೆ ಕತ್ತಲು, ತುದಿ ಕಾಣುತ್ತಿರಲಿಲ್ಲ. ಆ ಕಡೆಯ ಬಾಯಿಯಲ್ಲಿ ಬಿಸಿಲು ಬೀಳುವಂತೆ ಮಾಡಿದ ದಿನದಿಂದ ಜನ ನುಗ್ಗತೊಡಗಿದರು.

ಕಟ್ಟಿ ಕೊಡುವುದು

ಪರೀಕ್ಷೆಗೆ ವಿಸ್ ಅನ್ನು ಫಾಸ್ಟ್ ಇಟ್ಟು ಓಡಿಸಿ, ಬಿಡುಗಡೆಗೆ ಪೂರ್ಣ ವಿಸ್, ರಾಡ್‌ಗೆ ಎಕ್ಸ್‌ಟ್ರಾ ಆಯ್ಕೆ. ರಾತ್ರಿ ಹಚ್ಚಿಟ್ಟು ಮಲಗಿ. ಕಡತದ ಹೆಸರು ಸಣ್ಣಕ್ಷರದಲ್ಲೇ ಇರಲಿ, ಲಿನಕ್ಸ್ ಸರ್ವರುಗಳು ದೊಡ್ಡಕ್ಷರ ಸಣ್ಣಕ್ಷರಗಳನ್ನು ಬೇರೆ ಬೇರೆ ಎಂದೇ ನೋಡುತ್ತವೆ. ಬಾಂಬ್ ಮ್ಯಾಪಿನ ಹೆಸರು ಡಿಇ ಎಂದೇ ಶುರುವಾಗಬೇಕು ಎಂಬುದು ಎಲ್ಲರೂ ಪಾಲಿಸುವ ರೂಢಿ. ಒತ್ತೆಯಾಳು ಬಿಡಿಸುವ ಮ್ಯಾಪಿಗೆ ಸಿಎಸ್. ನಿಮ್ಮದೇ ಟೆಕ್ಸ್ಚರುಗಳಿದ್ದರೆ ಕಂಪೈಲ್ ಮಾಡುವಾಗ ವ್ಯಾಡ್‌ಇನ್‌ಕ್ಲೂಡ್ ಆಯ್ಕೆ ಕೊಟ್ಟು ಅವನ್ನು ಕಂಪೈಲ್ ಆಗಿ ಬರುವ ಬಿಎಸ್‌ಪಿ ಕಡತದೊಳಗೇ ಸೇರಿಸಿ. ಇಲ್ಲದಿದ್ದರೆ ವ್ಯಾಡ್ ಇಲ್ಲದವರ ಕಂಪ್ಯೂಟರಿನಲ್ಲಿ ಮ್ಯಾಪ್ ತೆರೆಯುವ ಮೊದಲೇ ಆಟ ನಿಲ್ಲುತ್ತದೆ. ಆಕಾಶದ ಚಿತ್ರ, ಶಬ್ದ, ಮೇಲಿನಿಂದ ಕಾಣುವ ನಕ್ಷೆ ಇವು ಬೇರೆ ಕಡತಗಳಾಗಿದ್ದರೆ ಅವುಗಳ ಹೆಸರನ್ನು ಮ್ಯಾಪಿನದೇ ಹೆಸರಿನ ಆರ್‌ಇಎಸ್ ಕಡತದಲ್ಲಿ ಸಾಲಾಗಿ ಬರೆಯಿರಿ, ಸರ್ವರಿಗೆ ಬಂದವರಿಗೆ ತಾನಾಗಿ ಇಳಿಯುತ್ತದೆ. ಬೇರೆಯವರ ಟೆಕ್ಸ್ಚರ್ ಬಳಸಿದ್ದರೆ ಅನುಮತಿ ಕೇಳಿ, ಮ್ಯಾಪಿನ ಜೊತೆ ಕೊಡುವ ರೀಡ್‌ಮಿ ಕಡತದಲ್ಲಿ ಅವರ ಹೆಸರು ಹಾಕಿ.

ತಿದ್ದಿದ ಪ್ರತಿ ಸಲವೂ ಹೆಸರಿನ ಕೊನೆಯ ಸಂಖ್ಯೆ ಬದಲಿಸಿ: ಬಿ1, ಬಿ2, ಬಿ3. ಒಂದೇ ಹೆಸರಿನ ಎರಡು ಬೇರೆ ಮ್ಯಾಪುಗಳು ಊರಲ್ಲಿ ಓಡಾಡಿದರೆ, ನಿಮ್ಮ ಮ್ಯಾಪ್ ಸರ್ವರಿನ ಮ್ಯಾಪಿಗಿಂತ ಬೇರೆ ಎಂದು ಹೇಳಿ ಆಟ ಆಟಗಾರನನ್ನು ಹೊರಗೆ ಹಾಕುತ್ತದೆ. ನನ್ನ ಕೋಟೆ ಈಗ ಬಿ6ರಲ್ಲಿದೆ. ಇಪ್ಪತ್ತು ರೌಂಡಿನಲ್ಲಿ ಸಿಟಿಗೆ ಹನ್ನೊಂದು, ಟಿಗೆ ಒಂಬತ್ತು. ಕೊಳದ ಅಂಚಿನ ಮೇಲೆ ನಿಂತವನಿಗೆ ಬಿ ಸೈಟಿನ ಒಂದು ಮೂಲೆ ಇನ್ನೂ ಹೆಚ್ಚು ಕಾಣುತ್ತಿದೆ. ಅಲ್ಲಿ 16 ಯೂನಿಟ್ ಕಲ್ಲು ಏರಿಸಿ ಬಿ7 ಮಾಡಬೇಕು.